ಗಾಡಿಗೊಂದು ಮೂಗು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಚಳಿಗಾಲದವರೆಗೆ, ಮರುಭೂಮಿಯ ಅಂಚಿನ ದೂಜ್ ಊರಿನಲ್ಲಿ ಒಂದು ಬಿಳಿ ಪಿಕಪ್ ಗಾಡಿ ಇತ್ತು. ಮರಳಿನ ದಿಬ್ಬ ಹತ್ತು ಅಂದರೆ ಹತ್ತುತ್ತಿತ್ತು, ಇಳಿ ಅಂದರೆ ಇಳಿಯುತ್ತಿತ್ತು. ಬೆನ್ನ ಮೇಲೆ ನೀರಿನ ಟ್ಯಾಂಕ್ ಹೊತ್ತು ದೂರದೂರದ ಕುರಿಮಂದೆಗಳಿಗೆ ನೀರು ಕುಡಿಸಿ ಬರುತ್ತಿತ್ತು. ಹಸಿವಾದರೆ ಅದಕ್ಕೆ ಡೀಸೆಲ್ ಬೇಕು. ಉಸಿರಾಡಲು ಮಾತ್ರ ನಮ್ಮ ನಿಮ್ಮ ಹಾಗೆ ಗಾಳಿಯೇ ಬೇಕು.

ಈಗ ಅದು ಉಸಿರಾಡುತ್ತಿರಲಿಲ್ಲ.

"ಲೈಟು ಇನ್ನೂ ಸ್ವಲ್ಪ ಕೆಳಗೆ ಹಿಡಿ, ತಾಯಿ," ಅಂದರು ಗ್ಯಾರೇಜಿನ ಮೇಸ್ತ್ರಿ ಉಸ್ತಾ ಶಾದ್ಲಿ.

ತಿಬ್ರ ಕೆಳಗೆ ಹಿಡಿದಳು. ಬಾನೆಟ್ ಬಾಯಿ ತೆರೆದುಕೊಂಡಿತ್ತು. ಉಸ್ತಾ ಅರ್ಧ ಮೈಯನ್ನೇ ಒಳಗೆ ತೂರಿಸಿದ್ದರು. ಹೊರಗೆ ಬಂದಾಗ ಅವರ ಎರಡು ಬೆರಳುಗಳ ನಡುವೆ ಕಪ್ಪಗೆ ಏನೋ ಇತ್ತು.

"ಕೈ ಚಾಚು."

ತಿಬ್ರ ಚಾಚಿದಳು. ಹಿಟ್ಟಿನಷ್ಟು ನುಣ್ಣನೆಯ ಮರಳು. ಎಣ್ಣೆ ಕುಡಿದು ಕಪ್ಪಾಗಿತ್ತು. ಬೆರಳಲ್ಲಿ ಉಜ್ಜಿದರೆ ಕಿರ್ ಅನ್ನುತ್ತಿತ್ತು.

"ಇದು ಎಂಜಿನ್ ಒಳಗೆ ಸಿಕ್ಕಿದ್ದು," ಅಂದರು ಉಸ್ತಾ. "ಕಬ್ಬಿಣಾನ ತಿಂದು ಹಾಕಿದೆ." ಆಮೇಲೆ ಗಾಳಿ ಎಳೆಯುವ ಪೈಪಿನ ಬಾಯಿಂದ ಒಂದು ಗಟ್ಟಿ ಮುದ್ದೆಯನ್ನು ಕಿತ್ತು ನೆಲಕ್ಕೆ ಹಾಕಿದರು. ಅದು ಇಟ್ಟಿಗೆಯ ಹಾಗೆ ಟಕ್ ಅಂತ ಬಿತ್ತು. "ಮೊಸ್ಬಾಹ್, ಏನಯ್ಯಾ ಇದು? ಗಾಡಿ ಮೂಗಿಗೆ ಬಟ್ಟೆ ಕಟ್ಟಿದವರು ಯಾರು?"

"ನಾನೇ," ಅಂದ ತಿಬ್ರಳ ಅಪ್ಪ, ಅವಳ ಬಾಬಾ, ತಟ್ಟನೆ.

"ಅಲ್ಲ," ಅಂದಳು ತಿಬ್ರ. "ನಾನು ಕಟ್ಟಿದ್ದು."

ದೂಜ್‌ನಲ್ಲಿ ಮರಳುಗಾಳಿ ಎದ್ದರೆ ಎಲ್ಲರೂ ತಲೆಯ ರುಮಾಲನ್ನು ನೀರಿನಲ್ಲಿ ಅದ್ದಿ ಮೂಗು ಬಾಯಿಗೆ ಸುತ್ತಿಕೊಳ್ಳುತ್ತಾರೆ. ತೊಟ್ಟಿಲ ಕೂಸಿಗೂ ಒದ್ದೆ ಬಟ್ಟೆಯ ಮರೆ ಮಾಡುತ್ತಾರೆ. ಆ ದಿನ ಮಂದೆಗೆ ನೀರು ಕುಡಿಸಿ, ಖಾಲಿ ಟ್ಯಾಂಕ್ ಹೊತ್ತು ವಾಪಸು ಬರುವಾಗ ಆಕಾಶ ಹಳದಿಯಾಗಿತ್ತು. ಬಾಬಾ ತನಗೆ ಸುತ್ತಿಕೊಂಡ, ತಿಬ್ರಳಿಗೆ ಸುತ್ತಿದ. ಗಾಡಿಗೆ ಯಾರು ಸುತ್ತುತ್ತಾರೆ? ತಿಬ್ರ ಕೆಳಗೆ ಹಾರಿ, ಇನ್ನೊಂದು ರುಮಾಲನ್ನು ನೀರಿಗೆ ಅದ್ದಿ, ಪೈಪಿನ ಬಾಯಿಗೆ ಬಿಗಿಯಾಗಿ ಗಂಟು ಹಾಕಿದ್ದಳು.

ಬಾಬಾ ನೋಡಿ ನಕ್ಕಿದ್ದ. "ಭೇಷ್! ಈಗ ನಾವು ಮೂರು ಜನ."

ಒದ್ದೆ ಬಟ್ಟೆಗೆ ಧೂಳು ಕೂತು ಕೆಸರಾಯಿತು. ಕೆಸರು ಒಣಗಿ ಗೋಡೆಯಾಯಿತು. ಉಸಿರು ಸಿಗದ ಎಂಜಿನ್ ಜೋರಾಗಿ ಎಳೆಯಿತು, ಇನ್ನೂ ಜೋರಾಗಿ ಎಳೆಯಿತು. ಫಿಲ್ಟರಿನ ಆಚೆ ಇದ್ದ ಹಳೆಯ ರಬ್ಬರ್ ಪೈಪು ತಾಳಲಾರದೆ ಸೀಳಿತು. ಅಲ್ಲಿಂದ ಮರಳು ನೇರ ಒಳಗೇ ನುಗ್ಗಿತು. ದಿಬ್ಬಗಳ ನಡುವೆ ಗಾಡಿ ನಿಂತುಬಿಟ್ಟಿತು.

ಮರುದಿನ ಒಂಟೆಯವರು ಬರುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು. ಕ್ಯಾನಿನಲ್ಲಿ ನೀರು ಸ್ವಲ್ಪವೇ ಇತ್ತು. "ನಂಗೆ ಬಾಯಾರಿಕೆ ಇಲ್ಲಮ್ಮ, ನೀನು ಕುಡಿ," ಅನ್ನುತ್ತಲೇ ಇದ್ದ ಬಾಬಾ. ಅವನ ತುಟಿ ಒಡೆದು ರಕ್ತ ಬಂದಿತ್ತು.

ಉಸ್ತಾ ಬಟ್ಟೆಯ ಮುದ್ದೆಯನ್ನು ಕಾಲಿನಿಂದ ಮೂಲೆಗೆ ತಳ್ಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

*

ಹಳೆಯ ಸಾಮಾನು ಜೋಡಿಸಿ ಉಸ್ತಾ ಎಂಜಿನ್ನನ್ನು ಹೇಗೋ ಎಬ್ಬಿಸಿದರು. ಆದರೆ ಅಷ್ಟರಲ್ಲಿ ಮನೆಯಲ್ಲಿ ಬೇರೆಯೇ ಮಾತು ಶುರುವಾಗಿತ್ತು.

"ಗಾಡೀನ ಕುರಿಮಂದೆಯ ಹಾಜ್ ಅಮಾರಾ ಅವರಿಗೆ ಮಾರ್ತಿದೀನಿ," ಅಂದ ಬಾಬಾ, ರೊಟ್ಟಿ ಮುರಿಯುತ್ತಾ. "ಇನ್ನೊಂದು ಸಲ ಕೆಟ್ರೆ ರಿಪೇರಿ ಮಾಡ್ಸೋ ಶಕ್ತಿ ನಂಗಿಲ್ಲ. ಸ್ಫಾಕ್ಸ್ ಪಟ್ಟಣದಲ್ಲಿ ಕಟ್ಟಡದ ಕೆಲಸ ಇದೆಯಂತೆ. ಗಾಡಿ ಕೊಟ್ಟ ಕೂಡಲೇ ಹೊರಡ್ತೀನಿ."

"ಮತ್ತೆ ಯಾವಾಗ ಬರೋದು?" ಅಂತ ಕೇಳಿದಳು ತಿಬ್ರಳ ಅಮ್ಮ, ಉಮ್ಮಿ. ಅವಳ ಕೈಯಲ್ಲಿದ್ದ ಹರಿಸ್ಸಾ ಖಾರದ ಬಟ್ಟಲು ಅಲ್ಲೇ ನಿಂತಿತ್ತು.

"ಈದ್‌ಗೆ."

"ಯಾವ ಈದ್‌ಗೆ?"

ಬಾಬಾ ಇನ್ನೊಂದು ರೊಟ್ಟಿ ಮುರಿದ. ಪುಟ್ಟ ತಮ್ಮ ನಾಜಿ, "ಸ್ಫಾಕ್ಸ್‌ನಲ್ಲಿ ಸಮುದ್ರ ಇದೆ! ನಂಗೊಂದು ಮೀನು ತಾ!" ಅಂತ ಕುಣಿದ. ಯಾರೂ ನಗಲಿಲ್ಲ.

"ಹಾಜ್ ಒಂದೇ ಮಾತು ಕೇಳಿದ್ದಾರೆ," ಅಂದ ಬಾಬಾ. "ಮೂಗಿಲ್ಲದ ಗಾಡಿ ನಾನು ಮನೆಗೆ ತರಲ್ಲ ಅಂದ್ರು. ಗಾಳಿ ಎಳೆಯೋ ಪೈಪು, ಫಿಲ್ಟರು, ಎಲ್ಲ ಸರಿಯಾಗಿ ಕೂರಿಸಿ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ." ಆಮೇಲೆ ತಿಬ್ರಳ ಕಡೆ ತಿರುಗಿದ. "ಗುರುವಾರ ಸಂತೆಗೆ ಹೋಗೋಣ. ಆರಿಸೋಳು ನೀನು."

"ನಾನು ಬೇಡ, ಬಾಬಾ."

"ನೀನೇ. ಈ ಗಾಡೀದು ಯಾವ ಮೂಲೆಗೂ ಕೈ ಹೋಗೋದು ನಿಂದೇ ಅಲ್ವಾ? ನಂಗೇನು ಗೊತ್ತು, ದಪ್ಪ ಬೆರಳಿನವನಿಗೆ?"

ತಿಬ್ರಳಿಗೆ ಆ ರಾತ್ರಿ ಒಂದು ಯೋಚನೆ ಬಂತು. ಗಾಡಿ ಕೊಟ್ಟ ಕೂಡಲೇ ಹೊರಡುತ್ತಾನೆ ಬಾಬಾ. ಮೂಗು ಸಿಕ್ಕಿದ ಕೂಡಲೇ ಗಾಡಿ ಹೋಗುತ್ತದೆ. ಮೂಗೇ ಸಿಗದಿದ್ದರೆ?

*

ಗುರುವಾರದ ಸಂತೆಯಲ್ಲಿ ಒಂಟೆ, ಕುರಿ, ಖರ್ಜೂರ, ಹಳೆ ಕೋಟು ಎಲ್ಲ ದಾಟಿದ ಮೇಲೆ ಗುಜರಿಯವರ ಸಾಲು. ಮೊದಲು ಹೊಸ ಸಾಮಾನಿನ ಅಂಗಡಿಗೆ ಹೋದರು. ಗಾಡಿಯ ಛಾವಣಿಯವರೆಗೆ ಏರುವ ಕಪ್ಪು ಪೈಪು, ತುದಿಯಲ್ಲಿ ಟೋಪಿ. ತಿಬ್ರ ಬೆಲೆ ಕೇಳಿದಳು. ಅಂಗಡಿಯವನು ಹೇಳಿದ. ಬಾಬಾ ಆ ಪೈಪನ್ನು ಮಲಗಿದ ಮಗುವಿನ ಹಾಗೆ ಮೆಲ್ಲಗೆ ಕೆಳಗಿಟ್ಟ.

ಪಕ್ಕದಲ್ಲೇ ಅದರ ನಕಲು ಇತ್ತು, ಅಗ್ಗದ್ದು. ತಿಬ್ರ ಅದರ ಕೀಲಿನ ಸುತ್ತ ಬೆರಳು ಓಡಿಸಿದಳು. ಒಂದು ಕಡೆ ಉಗುರು ಒಳಗೆ ಹೋಯಿತು.

"ಇಲ್ಲಿ ಸಂದಿ ಇದೆ. ಮರಳು ಹೋಗುತ್ತೆ."

"ಸಂದಿಗೆ ಟೇಪು ಸುತ್ತಿದ್ರಾಯ್ತು, ಪುಟ್ಟಿ," ಅಂದ ಅಂಗಡಿಯವನು.

"ಬಿಸಿಲಿಗೆ ಟೇಪು ಬಿಚ್ಚಿಕೊಳ್ಳುತ್ತೆ," ಅಂದಳು ತಿಬ್ರ. ಇದು ನಿಜವೇ ಆಗಿತ್ತು. ನಿಜ ಹೇಳುವುದು ಎಷ್ಟು ಸುಲಭ ಅನ್ನಿಸಿತು ಅವಳಿಗೆ.

ಸಾಲಿನ ಕೊನೆಯಲ್ಲಿ ಬೂಬಕರ್ ಕಾಕಾ ಕೂತಿದ್ದ. ಅವನ ಕಂಬಳಿಯ ಮೇಲೆ ಹೊಲಿಗೆ ಮಿಷನ್ನಿನ ಚಕ್ರ, ಒಂಟಿ ಬೂಟು, ಮೂಕವಾದ ರೇಡಿಯೋ. ನಡುವೆ ಒಂದು ದಪ್ಪ ಕಬ್ಬಿಣದ ಮಡಕೆ. ಮೇಲೆ ಅಗಲವಾದ ಬಾಯಿ, ಪಕ್ಕದಲ್ಲಿ ಒಂದು ಮೊಂಡು ಕೊಳವೆ.

"ಹಳೇ ಟ್ರಾಕ್ಟರ್‌ದು!" ಅಂತ ಕೂಗಿದ ಬೂಬಕರ್ ಕಾಕಾ. "ಇದರ ಹೊಟ್ಟೇಲಿ ಎಣ್ಣೆ ಹಾಕ್ಬೇಕು. ಗಾಳಿ ಬಂದು ಎಣ್ಣೇಲಿ ಮುಖ ತೊಳ್ಕೊಂಡು ಮುಂದೆ ಹೋಗುತ್ತೆ. ಮರಳು ಎಣ್ಣೇಲೇ ಸಿಕ್ಕಾಕ್ಕೊಳ್ಳುತ್ತೆ, ಖರ್ಜೂರದ ಪಾಕಕ್ಕೆ ನೊಣ ಸಿಕ್ಕಂಗೆ. ಕಾಗದದ ಫಿಲ್ಟರ್ ಬೇಡ, ಏನೂ ಬೇಡ. ಎಣ್ಣೆ ಕೊಳೆಯಾಯ್ತಾ, ಚೆಲ್ಲು, ಬೇರೆ ಹಾಕು. ನನ್ನ ಮೊಮ್ಮಗನ ಮೊಮ್ಮಗನಿಗೂ ಬರುತ್ತೆ."

"ಎಷ್ಟಕ್ಕೆ?" ಅಂತ ಕೇಳಿದ ಬಾಬಾ.

ಬೂಬಕರ್ ಕಾಕಾ ಹೇಳಿದ. ಬಾಬಾನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಸಣ್ಣ ಬೆಳಕು ಬಂತು. ಅದು ಅವನ ಕೈಗೆಟುಕುವ ಬೆಲೆ.

"ನೋಡಮ್ಮ," ಅಂದ ಮಗಳಿಗೆ.

ತಿಬ್ರ ಮಡಕೆಯೊಳಗೆ ಮೊಣಕೈವರೆಗೆ ತೋಳು ಇಳಿಸಿದಳು. ತಳ ಸವರಿದಳು. ದಪ್ಪ, ತಣ್ಣಗೆ, ಎಲ್ಲೂ ಒಂದು ಚೂರೂ ಬಿರುಕಿರಲಿಲ್ಲ. ಒಳಗಿನ ತಂತಿಬಲೆ ಗಟ್ಟಿಯಾಗಿತ್ತು. ಕೊಳವೆ ದುಂಡಗಿತ್ತು. ಇಷ್ಟು ಒಳ್ಳೆಯದು ಇಡೀ ಸಂತೆಯಲ್ಲಿ ಇರಲಿಲ್ಲ.

"ತಳದಲ್ಲಿ ತೂತಿದೆ, ಬಾಬಾ," ಅಂದಳು. "ಎಣ್ಣೆ ನಿಲ್ಲಲ್ಲ."

"ತೂತಾ?" ಬೂಬಕರ್ ಕಾಕಾ ಎದ್ದೇ ನಿಂತ. "ತೂತಿರೋದು ನನ್ನ ಹಲ್ಲಲ್ಲಿ! ನೀರು ಹಾಕಿ ತೋರಿಸ್ತೀನಿ, ತಡಿ!"

"ಬೇಡ ಬಿಡು, ಕಾಕಾ," ಅಂದ ಬಾಬಾ. "ನನ್ನ ಮಗಳ ಬೆರಳು ಸುಳ್ಳು ಹೇಳಲ್ಲ."

ಮನೆಗೆ ನಡೆದು ಬರುವಾಗ ಬಾಬಾ ಅವಳಿಗೆ ಕಡಲೆಕಾಯಿ ಕೊಡಿಸಿದ. ತಿಬ್ರ ಒಂದನ್ನೂ ತಿನ್ನಲಿಲ್ಲ. ಪೊಟ್ಟಣ ಜೇಬಿನಲ್ಲಿ ಬೆವೆತು ಹೋಯಿತು.

*

ದಿನ ಕಳೆಯಿತು. ಗಾಡಿ ಉಸ್ತಾ ಅವರ ಗ್ಯಾರೇಜಿನಲ್ಲೇ ಇತ್ತು. ಬಾಬಾ ಮನೆಯಲ್ಲೇ ಇದ್ದ. ತಿಬ್ರ ಅಂದುಕೊಂಡ ಹಾಗೇ ಆಗಿತ್ತು. ಆದರೆ ಬಾಬಾ ಇದ್ದೂ ಇಲ್ಲದ ಹಾಗಿದ್ದ. ಬೆಳಿಗ್ಗೆ ಎದ್ದು ಬಾಗಿಲಲ್ಲಿ ಕೂರುತ್ತಿದ್ದ. ಅವಳು ಸ್ಕೂಲಿನಿಂದ ಬಂದಾಗಲೂ ಅಲ್ಲೇ ಕೂತಿರುತ್ತಿದ್ದ. ಚಹಾ ಲೋಟ ಕಾಲ ಬಳಿ, ತುಂಬಿದ್ದು ತುಂಬಿದ ಹಾಗೇ.

"ಹೋಮ್‌ವರ್ಕ್ ಇದೆಯಾ?" ಅಂತ ಕೇಳುತ್ತಿದ್ದ. ಅವಳು ಹೂಂ ಅಂದರೂ ಉಹೂಂ ಅಂದರೂ ತಲೆ ಆಡಿಸುತ್ತಿದ್ದ.

ಒಂದು ಸಂಜೆ ಉಮ್ಮಿಯ ತಮ್ಮ ರಮ್ಜಿ ಮಾವ ಬಂದ. ಅವನ ಕಾರು ಬರುವುದು ಮೂರು ಬೀದಿ ಆಚೆಯಿಂದಲೇ ಕೇಳುತ್ತಿತ್ತು. ಕೈಯಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಪೈಪು, ಅದರ ತುದಿಗೆ ಕೆಂಪು ಶಂಕುವಿನಂಥ ಫಿಲ್ಟರು.

"ತಗೊಳ್ಳಿ ಭಾವ! ನನ್ನ ಕಾರಿಂದ ಬಿಚ್ಚಿದ್ದು. ಫ್ರೀ! ಗಾಡಿ ಸಿಂಹದ ಹಾಗೆ ಗರ್ಜಿಸುತ್ತೆ."

"ನಿನ್ನ ಕಾರು ಟಾರ್ ರೋಡು ಬಿಟ್ಟು ಇಳಿದಿದ್ಯಾ ಯಾವತ್ತಾದ್ರೂ?" ಅಂತ ಕೇಳಿದಳು ಉಮ್ಮಿ.

"ಯಾಕೆ ಇಳೀಬೇಕು? ವ್ಯಾಕ್ಸ್ ಮಾಡ್ಸಿದೀನಿ."

ತಿಬ್ರ ಆ ಫಿಲ್ಟರನ್ನು ಬೆಳಕಿಗೆ ಹಿಡಿದಳು. ಬಟ್ಟೆಯ ನೆರಿಗೆಗಳ ನಡುವೆ ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ತೂರಿ ಬಂತು. ಬೆಳಕು ತೂರುವಲ್ಲಿ ದೂಜ್‌ನ ಮರಳು ತೂರದೆ ಇರುತ್ತದೆಯೇ? ಅದು ಹಿಟ್ಟಿನ ಹಾಗಿರುತ್ತದೆ.

ಅಷ್ಟರಲ್ಲಿ ಹಾಜ್ ಅಮಾರಾ ಬಂದರು. ಬಿಳಿ ಗಡ್ಡ, ಕಂದು ಬಣ್ಣದ ಉಣ್ಣೆ ನಿಲುವಂಗಿ. ಹೊಸ್ತಿಲಲ್ಲೇ ಕೂತರು.

"ಮೊಸ್ಬಾಹ್, ನಾನು ಅವಸರ ಮಾಡೋನಲ್ಲ. ಆದ್ರೆ ಮಂದೆ ದಕ್ಷಿಣದ ಬಾವಿ ದಾಟಿ ಹೋಗಿದೆ. ಸೊಸೆ, ಮೊಮ್ಮಕ್ಕಳು ಎಲ್ಲ ಅಲ್ಲೇ ಡೇರೆ ಹಾಕಿದಾರೆ. ನೀರು ಕತ್ತೆ ಮೇಲೆ ಹೋಗ್ತಿದೆ. ಕತ್ತೆ ಎಷ್ಟು ಅಂತ ಹೊರುತ್ತೆ?"

ಬಾಬಾ ಹೊಳೆಯುವ ಪೈಪನ್ನು ನೋಡಿದ. ಆಮೇಲೆ, ಯಾರೋ ಬೇರೆಯವರು ಮಾತಾಡಿದ ಹಾಗೆ, "ಮೂಗು ಸಿಕ್ಕಿದೆ, ಹಾಜ್," ಅಂದ.

ಹಾಜ್ ಅದನ್ನು ಕೈಗೆ ತಗೊಂಡು ತಿರುಗಿಸಿದರು. "ಚೆನ್ನಾಗಿ ಹೊಳೆಯುತ್ತೆ. ಕನ್ನಡಿ ಬೇಡ, ಇದರಲ್ಲೇ ಗಡ್ಡ ಬಾಚ್ಕೋಬಹುದು," ಅಂತ ನಕ್ಕರು. "ನೀನು ಹಾಕಿದ್ರೆ ಸರಿಯಾಗೇ ಇರುತ್ತೆ. ನಾಳೆ ಗ್ಯಾರೇಜಿಗೆ ಬರ್ತೀನಿ."

ಅವರು ಹೋದ ಮೇಲೆ ಬಾಬಾ ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಹೊರಗೆ ಇನ್ನೂ ಬಿಸಿಲಿತ್ತು.

ತಿಬ್ರ ಬಾಗಿಲಲ್ಲಿ ನಿಂತಳು. ಹಾಜ್ ಅವರ ಮೊಮ್ಮಕ್ಕಳನ್ನು ಅವಳು ಕಂಡಿದ್ದಳು. ಒಬ್ಬಳು ನಾಜಿಯಷ್ಟೇ ಇದ್ದಳು, ಮೇಕೆಮರಿಯ ಕಿವಿ ಹಿಡಿದು ಓಡಾಡುತ್ತಿದ್ದಳು. ದಿಬ್ಬಗಳ ನಡುವೆ ಗಾಡಿ ನಿಂತು ಹೋದರೆ ಎಷ್ಟು ನಿಶ್ಶಬ್ದವಾಗಿರುತ್ತದೆ ಅನ್ನುವುದು ತಿಬ್ರಳಿಗೆ ಗೊತ್ತಿತ್ತು. ಕ್ಯಾನಿನ ತಳದ ನೀರಿಗೆ ಪ್ಲಾಸ್ಟಿಕ್ ರುಚಿ ಇರುತ್ತದೆ ಅನ್ನುವುದೂ ಗೊತ್ತಿತ್ತು.

"ಬಾಬಾ."

"ಹೂಂ."

"ಆ ಮಡಕೆಯಲ್ಲಿ ತೂತಿರಲಿಲ್ಲ."

ಗೋಡೆಯ ಮೇಲೆ ಒಂದು ಇರುವೆ ಮೇಲಕ್ಕೆ ಹೋಯಿತು.

"ಒಂದೂ ಇರಲಿಲ್ವಾ?"

"ಇಲ್ಲ. ತುಂಬಾ ಚೆನ್ನಾಗಿತ್ತು."

ಯಾಕೆ ಅಂತ ಕೇಳುತ್ತಾನೆ ಅಂದುಕೊಂಡಳು. ಕೇಳಿದರೆ ಹೇಳಲು ಬಾಯಿ ತುಂಬ ಮಾತಿತ್ತು. ಹೋಗಬೇಡ ಅನ್ನುವುದು ಒಂದೇ ಮಾತು, ಆದರೂ ಬಾಯಿ ತುಂಬ ಇತ್ತು. ಬಾಬಾ ಕೇಳಲಿಲ್ಲ. ಎದ್ದು ಕೂತ. ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ.

"ಚಪ್ಪಲಿ ಹಾಕ್ಕೋ," ಅಂದ. "ಕತ್ತಲಾಗೋ ಮುಂಚೆ ಹೋಗಿ ಬರೋಣ."

*

ಬೂಬಕರ್ ಕಾಕಾನ ಮನೆ ಖರ್ಜೂರದ ತೋಟದ ಅಂಚಿನಲ್ಲಿತ್ತು. ಅಂಗಳದ ನಡುವೆ ಆ ಮಡಕೆ ಕೂತಿತ್ತು, ತುಳುಕುವಷ್ಟು ನೀರು ತುಂಬಿಕೊಂಡು. ಸುತ್ತ ಕೋಳಿಗಳು.

"ಬಂದಳು ನೋಡಿ, ತೂತು ಹುಡುಕೋ ಮಹಾರಾಣಿ!" ಅಂತ ಕೂಗಿದ ಅವನು. "ಅವತ್ತಿಂದ ನೀರು ತುಂಬಿಸಿಟ್ಟಿದೀನಿ. ದಾರೀಲಿ ಹೋಗೋ ಬರೋರಿಗೆಲ್ಲ ತೋರಿಸ್ತಿದೀನಿ. ಒಂದು ಹನಿ ಸೋರಿದ್ರೆ ನನ್ನ ಮೀಸೆ ಬೋಳಿಸ್ತೀನಿ! ಕೋಳಿ ಕುಡಿಯೋ ಲೆಕ್ಕ ಬಿಟ್ಟು."

"ನಂದೇ ತಪ್ಪು, ಕಾಕಾ," ಅಂದಳು ತಿಬ್ರ.

ಅವಳ ಮುಖ ನೋಡಿ ಬೂಬಕರ್ ಕಾಕಾ ಕೋಳಿಗಳನ್ನು ಪಕ್ಕಕ್ಕೆ ಅಟ್ಟಿದ. ಮಡಕೆ ಬಗ್ಗಿಸಿ ನೀರು ಚೆಲ್ಲಿದ. ಕೋಳಿಗಳು ಕೊಕ್ಕೊಕ್ಕೋ ಅಂತ ಜಗಳಕ್ಕೆ ಬಂದವು.

"ಅವತ್ತಿನ ಬೆಲೇನೇ," ಅಂದ. "ಅವಮಾನಕ್ಕೆ ಬೇರೆ ಹಾಕಲ್ಲ."

*

ಮರುದಿನ ಗ್ಯಾರೇಜಿನಲ್ಲಿ ಉಸ್ತಾ ಶಾದ್ಲಿ ಮಡಕೆಯನ್ನು ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಬಾನೆಟ್ ಒಳಗೆ ಕಬ್ಬಿಣದ ಪಟ್ಟಿಯಿಂದ ಬಿಗಿದರು. ರಮ್ಜಿ ಮಾವನ ಹೊಳೆಯುವ ಪೈಪನ್ನು ವಾಪಸು ಕಳಿಸಿದ್ದಾಯಿತು. ಹಾಜ್ ಅಮಾರಾ ತಲೆಕೆಳಗಾದ ಡಬ್ಬಿಯ ಮೇಲೆ ಕೂತು ಕರಿ ಚಹಾ ಕುಡಿಯುತ್ತಿದ್ದರು.

"ಹೊಳೆಯೋದು ಎಲ್ಲಿ ಹೋಯ್ತು?"

"ಅದು ಸರಿ ಇರಲಿಲ್ಲ, ಹಾಜ್," ಅಂದ ಬಾಬಾ. "ಇದನ್ನ ಮಗಳು ಆರಿಸಿದ್ದು."

ಮಡಕೆಯಿಂದ ಎಂಜಿನ್ನಿಗೆ ಹೋಗುವ ಹೊಸ ರಬ್ಬರ್ ಪೈಪಿನ ಕೊನೆಯ ಕ್ಲಿಪ್ಪು ಎಂಜಿನ್ ಹಿಂದಿನ ತಗಡಿನ ಸಂದಿಯಲ್ಲಿತ್ತು. ಉಸ್ತಾ ಅವರ ಕೈ ಹೋಗಲಿಲ್ಲ. ಬಾಬಾನ ಕೈ ಹೋಗಲಿಲ್ಲ.

ತಿಬ್ರ ಸ್ಕ್ರೂಡ್ರೈವರ್ ತಗೊಂಡು ತೋಳು ಇಳಿಸಿದಳು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಬೆರಳಿಗೆ ಮಾತ್ರ ಕಾಣುತ್ತಿತ್ತು. ಒಂದು ಸುತ್ತು. ಇನ್ನೊಂದು ಸುತ್ತು. ಕಬ್ಬಿಣ ಚರ್ಮ ತರಚಿತು. ಇನ್ನು ತಿರುಗುವುದಿಲ್ಲ ಅನ್ನುವವರೆಗೆ ತಿರುಗಿಸಿದಳು. ಸ್ವಲ್ಪ ಸಡಿಲ ಬಿಟ್ಟಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಉಸ್ತಾ ಮಡಕೆಗೆ ಎಣ್ಣೆ ಸುರಿದು ಮುಚ್ಚಳ ಬಿಗಿದರು. ಆಮೇಲೆ ಕೀಲಿ ತಿರುಗಿಸಿದರು. ಗಾಡಿ ಕೆಮ್ಮಿತು, ನಡುಗಿತು, ಎದ್ದಿತು. ಮಡಕೆಯ ಬಾಯಲ್ಲಿ ಗಾಳಿ ಸುಯ್ಯನೆ ಒಳಗೆ ಹೋಗತೊಡಗಿತು, ನಿದ್ದೆ ಮಾಡುವವರ ಉಸಿರಿನ ಹಾಗೆ.

"ಈಗ ಪರೀಕ್ಷೆ," ಅಂದರು ಉಸ್ತಾ. ಹಳೆಯ ಟಯರಿನ ದಪ್ಪ ರಬ್ಬರ್ ತುಂಡೊಂದನ್ನು ತಿಬ್ರಳ ಕೈಗೆ ಕೊಟ್ಟರು. "ಬಾಯಿ ಪೂರ್ತಿ ಮುಚ್ಚು. ಎಲ್ಲಾದ್ರೂ ಒಂದು ಕೂದಲು ಸಂದಿ ಇದ್ರೂ ಅಲ್ಲಿಂದ ಗಾಳಿ ಕದ್ದು ಎಂಜಿನ್ ಓಡ್ತಾನೇ ಇರುತ್ತೆ. ಕೆಲಸ ಸರಿಯಾಗಿದ್ರೆ ನಿಂತು ಹೋಗುತ್ತೆ."

ತಿಬ್ರ ರಬ್ಬರ್ ಹಿಡಿದು ನಿಂತಳು. ಮೊದಲ ಸಲ ಬಟ್ಟೆ ಕಟ್ಟಿದಾಗ ಅವಳಿಗೆ ಏನೂ ಗೊತ್ತಿರಲಿಲ್ಲ. ಈಗ ಗೊತ್ತಿತ್ತು.

"ನಂಗಾಗಲ್ಲ, ಬಾಬಾ."

ಬಾಬಾ ಹತ್ತಿರ ಬಂದ. ಅವಳ ಎರಡು ಕೈಗಳ ಮೇಲೆ ತನ್ನ ಕೈ ಇಟ್ಟ. ಇಬ್ಬರೂ ಸೇರಿ ರಬ್ಬರನ್ನು ಬಾಯಿಗೆ ಒತ್ತಿದರು.

ಗಾಡಿ ಜೋರಾಗಿ ಎಳೆಯಿತು. ರಬ್ಬರು ಒಳಕ್ಕೆ ಬಾಗಿತು. ಎಂಜಿನ್ ಒದ್ದಾಡಿತು, ತಡವರಿಸಿತು, ಒಮ್ಮೆ ಮೈ ಕೊಡವಿತು. ನಿಂತುಹೋಯಿತು.

ಎಲ್ಲೂ ಸಂದಿ ಇರಲಿಲ್ಲ.

"ಆಯ್ತು," ಅಂದರು ಉಸ್ತಾ, ಮೆಲ್ಲಗೆ.

ತಿಬ್ರ ಕೈ ತೆಗೆಯಲು ನೋಡಿದಳು. ಆಗಲಿಲ್ಲ. ಬಾಬಾನ ಕೈ ಇನ್ನೂ ಅವಳ ಕೈ ಮೇಲೇ ಇತ್ತು. ಗಾಡಿ ನಿಂತ ಮೇಲೂ ಅದು ಒತ್ತುತ್ತಲೇ ಇತ್ತು. ಬಾಬಾನ ಕಣ್ಣು ಗಾಡಿಯ ಮೇಲೆ ಇರಲಿಲ್ಲ, ಹಾಜ್ ಮೇಲೆ ಇರಲಿಲ್ಲ, ಎಲ್ಲೂ ಇರಲಿಲ್ಲ. ಅವನಿಗೂ ಹೋಗಲು ಮನಸ್ಸಿಲ್ಲ ಅನ್ನುವುದು ಆಗ ತಿಬ್ರಳಿಗೆ ಗೊತ್ತಾಯಿತು. ಇಷ್ಟು ದಿನ ಅದು ತನಗೊಬ್ಬಳಿಗೇ ಅಂದುಕೊಂಡಿದ್ದಳು.

ಅವಳು ಕೈ ಎಳೆದುಕೊಳ್ಳಲಿಲ್ಲ. ಬಾಬಾ ತಾನಾಗಿ ತೆಗೆಯುವವರೆಗೆ ಕಾದಳು.

ಬಾಬಾ ಕೈ ತೆಗೆದ. ಮತ್ತೆ ಕೀಲಿ ತಿರುಗಿಸಿದ. ಗಾಡಿ ಎದ್ದು ಉಸಿರಾಡತೊಡಗಿತು.

"ಹಾಜ್," ಅಂದ ಬಾಬಾ. "ಗಾಡಿ ತಗೊಂಡು ಹೋಗಿ."